ಭಾನುವಾರದ ಹಾಜರಿ: ನಮ್ಮ ಕಡೆಯ ಚರ್ಚುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಸಿಂಧನೂರಿನಲ್ಲಿ. ಅಪ್ಪನ ಕಡೆಯವರು ರಾಯಚೂರಿನ ಮೆಥೊಡಿಸ್ಟರು, ಅಂದರೆ ಪ್ರೊಟೆಸ್ಟಂಟರಲ್ಲಿ ಒಂದು ಪಂಗಡ. ಅವ್ವನ ತವರು ಮುದಗಲ್, ಅವರು ಕ್ಯಾಥೊಲಿಕರು. ಈಗ ಹನ್ನೆರಡು ವರ್ಷದಿಂದ ಬಳ್ಳಾರಿಯಲ್ಲಿ ನೌಕರಿ. ಹೀಗಾಗಿ ಮೂರು ಊರಿನ ಚರ್ಚಿನ ಬೆಂಚಿನಲ್ಲೂ ಕೂತು ಎದ್ದವನು ನಾನು. ಆಫೀಸಿನಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಒಮ್ಮೆ ಬರೆದಿಟ್ಟರೆ ಆಯಿತು ಅಂತ ಕೂತೆ. ನಾನು ಪಾದ್ರಿ ಅಲ್ಲ, ದೊಡ್ಡ ಭಕ್ತನೂ ಅಲ್ಲ. ತಿಂಗಳಿಗೆ ಎರಡು ಭಾನುವಾರ ಹೋದರೆ ಅದೇ ಹೆಚ್ಚು.

ನಮ್ಮ ಕಡೆ ಕ್ರೈಸ್ತರು ಎಷ್ಟು ಜನ ಇದ್ದಾರೆ?

ಕಡಿಮೆ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ನೂರಕ್ಕೆ 1.87. ಅದರಲ್ಲೂ ಜಾಸ್ತಿ ಮಂದಿ ಮಂಗಳೂರು, ಉಡುಪಿ, ಬೆಂಗಳೂರಿನಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೂ ಕಡಿಮೆ. ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿಗೆ ನಾನೊಬ್ಬನೇ. ಹೊಸ ಮೇಷ್ಟ್ರು ಬಂದರೆ, ಹಾಜರಿ ಕರೆಯುವಾಗ ನನ್ನ ಹೆಸರಿನ ಹತ್ತಿರ ಒಂದು ಸಲ ನಿಂತು, ಕನ್ನಡಕ ಸರಿಮಾಡಿಕೊಂಡು, ಆಮೇಲೆ ಓದುತ್ತಿದ್ದರು.

ಮುಂದಿನ ಉತ್ತರ ಓದುವಾಗ ಈ ಲೆಕ್ಕ ತಲೆಯಲ್ಲಿರಲಿ. ದೊಡ್ಡ ಊರಿನ ದೊಡ್ಡ ಚರ್ಚಿನಲ್ಲಿ ಒಬ್ಬರು ಬಾರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅರವತ್ತು ಮನೆಯ ಸಭೆಯಲ್ಲಿ (ಒಂದು ಚರ್ಚಿಗೆ ಸೇರಿದ ಮಂದಿಗೆ ಸಭೆ ಅನ್ನುತ್ತೇವೆ) ಎರಡನೇ ಹಾಡು ಮುಗಿಯುವುದರೊಳಗೆ ಗೊತ್ತಾಗುತ್ತದೆ.

ಚರ್ಚ್ ಅಂದರೆ ಎಲ್ಲ ಒಂದೇ ಅಲ್ವಾ?

ಅಲ್ಲ. ಇದಕ್ಕೆ ಸ್ವಲ್ಪ ಹಳೇ ಕಥೆ ಹೇಳಬೇಕು.

ಬಳ್ಳಾರಿ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಕಡೆ ಇದ್ದವು, 1956ಕ್ಕೆ ಈ ಕಡೆ ಬಂದವು. ಸರ್ಕಾರ ಬೇರೆ ಬೇರೆ ಇದ್ದಂತೆ ಬಂದ ಪಾದ್ರಿಗಳೂ ಬೇರೆ ಬೇರೆ. ಬಳ್ಳಾರಿಗೆ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದರು. ಅವರು ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದರು. 1830ರ ದಶಕದ ಶುರುವಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಗುವಂತಾಯಿತು. ಅವರ ಜೊತೆಗಾರ ವಿಲಿಯಂ ರೀವ್ ನಿಘಂಟು ಮಾಡಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರದ್ದು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ ಅಂದರೆ ನೀವೇ ಲೆಕ್ಕ ಹಾಕಿ. ಬಳ್ಳಾರಿಯವರು ಈ ವಿಷಯದಲ್ಲಿ ಯಾಕೆ ಜಂಬ ಮಾಡುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಳ್ಳಾರಿಯ ವಾರ್ಡ್ಲಾ ಹೈಸ್ಕೂಲು ಕೂಡ ಅದೇ ಮಿಷನ್ನಿನ ಕೂಸು. ಮುಂದೆ ಈ ಸಭೆಗಳೆಲ್ಲ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಒಳಗೆ ಸೇರಿಹೋದವು.

ರಾಯಚೂರಿನ ಕಡೆ ಕೆಲಸ ಮಾಡಿದವರು ಅಮೆರಿಕದ ಮೆಥೊಡಿಸ್ಟರು. ಕ್ಯಾಥೊಲಿಕರದ್ದು ಇನ್ನೊಂದು ಲೆಕ್ಕ. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರೊಳಗೇ ಬರುತ್ತವೆ. ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಬಂದ ಪೆಂತೆಕೊಸ್ತ್ ಸಭೆಗಳು. ತಗಡಿನ ಶೆಡ್ಡು, ಬಾಡಿಗೆ ಹಾಲ್, ದೊಡ್ಡ ಸೌಂಡ್ ಬಾಕ್ಸ್.

ಮಾತಿನಲ್ಲೇ ಗುರುತು ಸಿಗುತ್ತದೆ. "ಪೂಜೆಗೆ ಹೋಗಿದ್ವಿ" ಅಂದರೆ ಕ್ಯಾಥೊಲಿಕರು, ಅಲ್ಲಿ ಫಾದರ್ ಇರುತ್ತಾರೆ. "ಆರಾಧನೆಗೆ" ಅಂದರೆ ಸಿ.ಎಸ್.ಐ. ಅಥವಾ ಮೆಥೊಡಿಸ್ಟ್, ಅಲ್ಲಿ ಸಭಾಪಾಲಕರು. ಹಳಬರು ಅವರಿಗೆ ಅಯ್ಯನವರು ಅನ್ನುತ್ತಾರೆ. "ಪ್ರಾರ್ಥನೆಗೆ" ಅಂದರೆ ಬಹಳ ಮಟ್ಟಿಗೆ ಶೆಡ್ಡಿನವರು, ಅಲ್ಲಿ ಪಾಸ್ಟರ್. ಎಲ್ಲರಿಗೂ ಒಟ್ಟಿಗೆ "ಚರ್ಚಿನ ಮಂದಿ" ಅನ್ನುವುದು ಊರಿನವರು ಮಾತ್ರ.

ಒಳಗೆ ಏನು ನಡೆಯುತ್ತದೆ? ಎಷ್ಟು ಹೊತ್ತು?

ಹಾಡು, ಪ್ರಾರ್ಥನೆ, ಬೈಬಲ್ ಓದು, ಪ್ರಸಂಗ (ಪಾದ್ರಿಯ ಬೋಧನೆ), ಕಾಣಿಕೆ, ಪ್ರಕಟಣೆ, ಆಶೀರ್ವಾದ. ಕ್ಯಾಥೊಲಿಕರಲ್ಲಿ ಒಂದು ಗಂಟೆ. ನಮ್ಮಲ್ಲಿ ಎರಡು. ಶೆಡ್ಡಿನಲ್ಲಿ ಎಷ್ಟಾದರೂ ಆಗಬಹುದು, ಊಟ ಮಾಡಿಯೇ ಬರುತ್ತೀರಿ.

ನಿಜ ಹೇಳಬೇಕೆಂದರೆ ಜನ ಕಿವಿ ನೆಟ್ಟಗೆ ಮಾಡುವುದು ಪ್ರಸಂಗಕ್ಕಲ್ಲ, ಪ್ರಕಟಣೆಗೆ. ಯಾರ ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಯಾರು ಆಸ್ಪತ್ರೆಯಲ್ಲಿದ್ದಾರೆ, ಬುಧವಾರದ ಮನೆ ಪ್ರಾರ್ಥನೆ ಯಾರ ಮನೆಯಲ್ಲಿ, ಹೊಸ ಫ್ಯಾನಿಗೆ ಯಾರು ಎಷ್ಟು ಕೊಟ್ಟರು. ಸೆಕ್ರೆಟರಿ ಚೀಟಿ ಬಿಡಿಸುತ್ತಿದ್ದಂತೆ ನಿದ್ದೆಗೆ ಜಾರಿದ ಹಿರಿಯರೂ ಎಚ್ಚರಾಗುತ್ತಾರೆ.

ಒಂದು ಭಾನುವಾರ ಹೋಗದಿದ್ದರೆ ಏನಾಗುತ್ತದೆ? ದಂಡ ಇದೆಯಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ದಂಡ ಇಲ್ಲ. ರಿಜಿಸ್ಟರಿನಲ್ಲಿ ಸಹಿ ಇಲ್ಲ. ಆದರೂ ಹಾಜರಿ ಇದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೂ ಕಮಿಟಿಯವರಿಗೂ ಜನರೇಟರ್ ಡೀಸೆಲ್ಲಿನ ಲೆಕ್ಕದ ಮೇಲೆ ಮಾತಿಗೆ ಮಾತು ಬೆಳೆಯಿತು. ಅಪ್ಪ ಚರ್ಚಿಗೆ ಹೋಗುವುದು ಬಿಟ್ಟರು. ಮೊದಲ ಭಾನುವಾರ ಯಾರೂ ಏನೂ ಅನ್ನಲಿಲ್ಲ. ಎರಡನೇ ಭಾನುವಾರ ಅವ್ವನನ್ನು ಇಬ್ಬರು ಕೇಳಿದರು, "ಯಾಕ್ರಿ, ಆರಾಮ ಇಲ್ಲೇನು ಅವರಿಗೆ?" ಮೂರನೇ ಭಾನುವಾರ ಮಧ್ಯಾಹ್ನ, ರೊಟ್ಟಿ ಊಟ ಮುಗಿಸಿ ಅಪ್ಪ ಅಡ್ಡಾದ ಹೊತ್ತಿಗೆ, ಸ್ತ್ರೀ ಸಂಘದ ನಾಲ್ಕು ಜನ ಬಂದರು. ಬಿಸಿಲಿಗೆ ಸೆರಗು ತಲೆ ಮೇಲೆ. ಕೈಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಕೂತರು, ನೀರು ಕುಡಿದರು, ಮೆಣಸಿನಕಾಯಿ ರೇಟು ಮಾತಾಡಿದರು, ನನ್ನ ಮಾರ್ಕ್ಸ್ ಕೇಳಿದರು. ಡೀಸೆಲ್ ಸುದ್ದಿ ಯಾರೂ ಎತ್ತಲಿಲ್ಲ. ಒಂದು ಸಣ್ಣ ಪ್ರಾರ್ಥನೆ ಮಾಡಿ ಎದ್ದರು. ಚಪ್ಪಲಿ ಮೆಟ್ಟುತ್ತಾ ಎಲ್ಲರಿಗಿಂತ ಹಿರಿಯಾಕೆ ಅಪ್ಪನ ಕಡೆ ತಿರುಗಿ ಹೇಳಿದಳು: "ತಮ್ಮಾ, ನಿನ್ನ ಜಾಗದಾಗ ಹಾರ್ಮೋನಿಯಂ ಪೆಟ್ಟಿಗಿ ಇಟ್ಟೀವಿ. ಬಂದು ತೆಗಿ."

ಮೂರನೇ ಬೆಂಚು, ಕಿಟಕಿ ಪಕ್ಕ. ಮುಂದಿನ ಭಾನುವಾರ ಅಪ್ಪ ಹೋಗಿ ಪೆಟ್ಟಿಗೆ ಕೆಳಗಿಟ್ಟು ಕೂತರು. ಡೀಸೆಲ್ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ.

ಇದು ಚೆಂದದ ಕಥೆ ಅಂತ ಗೊತ್ತು, ಅದಕ್ಕೇ ಇನ್ನೊಂದನ್ನೂ ಹೇಳಬೇಕು. ನಮ್ಮ ಓಣಿಯಲ್ಲೇ ಒಬ್ಬ ವಿಧವೆ ಇದ್ದರು. ಅವರ ಮಗ ಬೇರೆ ಜಾತಿಯ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಅವರ ಮನೆಗೂ ಇದೇ ಸ್ತ್ರೀ ಸಂಘ ಹೋಯಿತು, ಇದೇ ಡಬ್ಬಿ ಹಿಡಿದು. ಆದರೆ ಅಲ್ಲಿ ಪ್ರಶ್ನೆಗಳು ಬಂದವು. "ಹುಡುಗಿ ದೀಕ್ಷಾಸ್ನಾನ ತಗೋತಾಳೇನು? ಮಗ ಕೇಳಿದ್ನೇನು ನಿಮ್ಮನ್ನ?" ಆಕೆ ಮೂರು ತಿಂಗಳು ತಲೆ ತಗ್ಗಿಸಿ ಬಂದರು. ಆಮೇಲೆ ಊರಿನ ಇನ್ನೊಂದು ತುದಿಯ ಶೆಡ್ಡಿನ ಸಭೆಗೆ ಹೋಗತೊಡಗಿದರು. ಅಲ್ಲಿ ಆಕೆಯ ಪರಿಚಯ ಯಾರಿಗೂ ಇರಲಿಲ್ಲ. ಶೆಡ್ಡಿನ ಸಭೆಗಳು ಯಾಕೆ ಬೆಳೆಯುತ್ತಿವೆ ಅಂತ ದೊಡ್ಡ ದೊಡ್ಡ ಕಾರಣ ಹೇಳುವವರಿದ್ದಾರೆ. ನನಗೆ ಕಂಡ ಒಂದು ಕಾರಣ ಇಷ್ಟೇ. ಅಲ್ಲಿ ಹೋದ ಹೊಸದರಲ್ಲಿ ಯಾರೂ ನಿಮ್ಮನ್ನು ಎಣಿಸುವುದಿಲ್ಲ.

ನಾನು ಕ್ರೈಸ್ತ ಅಲ್ಲ. ಒಳಗೆ ಬರಬಹುದಾ?

ಧಾರಾಳವಾಗಿ. ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಚಪ್ಪಲಿ ಹೊರಗೆ ಬಿಡುತ್ತಾರೆ, ಬಾಗಿಲಲ್ಲಿ ನೋಡಿದರೆ ತಿಳಿಯುತ್ತದೆ. ಕೆಲವು ಕಡೆ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಎಲ್ಲರೂ ಎದ್ದಾಗ ಎದ್ದರೆ ಸಾಕು. ಕಾಣಿಕೆ ಚೀಲ ಬಂದಾಗ ಹಾಕಲೇಬೇಕು ಅಂತಿಲ್ಲ, ಸುಮ್ನೆ ಪಕ್ಕದವರಿಗೆ ದಾಟಿಸಿ.

ಒಂದೇ ಎಚ್ಚರ. ಕ್ಯಾಥೊಲಿಕರಲ್ಲಿ ಪರಮಪ್ರಸಾದ ಕೊಡುವಾಗ ಸಾಲು ನಿಲ್ಲುತ್ತಾರೆ. ಅದು ಗುಡಿಯ ಪ್ರಸಾದದ ಹಾಗಲ್ಲ. ಜ್ಞಾನಸ್ನಾನ (ನಮ್ಮ ದೀಕ್ಷಾಸ್ನಾನವೇ) ಆಗಿ, ಅದಕ್ಕೆ ಸಿದ್ಧರಾದವರಿಗೆ ಮಾತ್ರ. ನನ್ನ ಗೆಳೆಯನೊಬ್ಬ ಭಕ್ತಿಯಿಂದಲೇ ಸಾಲಿನಲ್ಲಿ ನಿಂತು, ಕೈಗೆ ಬಂದ ರೊಟ್ಟಿಯ ತೆಳು ಬಿಲ್ಲೆಯನ್ನು ಮನೆಯಲ್ಲಿ ಅವ್ವನಿಗೆ ಕೊಡೋಣ ಅಂತ ಜೇಬಿಗೆ ಇಟ್ಟುಕೊಂಡಿದ್ದ. ಫಾದರ್ ಬೆನ್ನಟ್ಟಿ ಬಂದರು. ಅವರು ಬೈಯಲಿಲ್ಲ, ಆದರೆ ಗೆಳೆಯ ಹೆದರಿದ್ದು ಹೆದರಿದ್ದೇ.

ಯಾವ ಭಾಷೆಯಲ್ಲಿ ನಡೆಯುತ್ತದೆ?

ನಮ್ಮ ಕಡೆಯ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಭಾಷೆ ಕೇಳುತ್ತವೋ ಅಷ್ಟೂ ಇಲ್ಲಿ ಇವೆ. ಬಳ್ಳಾರಿಯಲ್ಲಿ ದಂಡು ಇದ್ದ ಕಾಲದಿಂದ ತಮಿಳು ಮನೆಗಳಿವೆ, ತೆಲುಗು ಅಂತೂ ಬೀದಿ ಬೀದಿಗೆ ಇದೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳಿಗೆ ನಾವು ಕ್ಯಾಂಪ್ ಅನ್ನುತ್ತೇವೆ. ಕ್ಯಾಂಪಿನ ಸಭೆಗಳಲ್ಲಿ ತೆಲುಗೇ ಮುಂದೆ.

ನಮ್ಮ ಚರ್ಚಿನಲ್ಲಿ ಪ್ರಸಂಗ ಕನ್ನಡ, ಹಾಡು ಅರ್ಧ ಕನ್ನಡ ಅರ್ಧ ತೆಲುಗು. ತೆಲುಗು ಲಿಪಿ ಬಾರದ ನಾವು ಆ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆವು. ಎಷ್ಟೋ ಸಾಲುಗಳ ಅರ್ಥ ನನಗೆ ತಿಳಿದದ್ದು ಬಳ್ಳಾರಿಗೆ ಬಂದ ಮೇಲೆ.

ಮುದಗಲ್ಲಿನ ಅಜ್ಜಿಯದು ಇನ್ನೂ ಮಜಾ. ಆಕೆಯ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು. 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರವೇ ಜನರ ಭಾಷೆಗೆ ತಿರುಗಿದ್ದು. ಅಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ಉಳ್ಳಾಗಡ್ಡಿ ಹೆಚ್ಚುತ್ತಾ ಕೂತಾಗ ನಾವು ತಮಾಷೆಗೆ ಫಾದರ್ ಹಾಗೆ "ದೋಮಿನುಸ್ ವೋಬಿಸ್ಕುಮ್" (ಪ್ರಭು ನಿಮ್ಮೊಡನಿರಲಿ) ಅಂದರೆ, ತಲೆ ಎತ್ತದೆ "ಎತ್ ಕುಮ್ ಸ್ಪಿರಿತು ತುವೋ" (ನಿಮ್ಮ ಆತ್ಮದೊಡನೆಯೂ) ಅನ್ನುತ್ತಿದ್ದಳು. ಹಾಗಂದರೆ ಏನಜ್ಜಿ ಅಂತ ಕೇಳಿದರೆ, "ಅದು ದೇವರಿಗೆ ಗೊತ್ತು, ನಿನಗ್ಯಾಕ?"

ಮುದಗಲ್ ಚರ್ಚು ಅಷ್ಟೊಂದು ಹಳೇದಾ?

ಹೌದು. ಗೋವಾ ಕಡೆಯಿಂದ ಬಂದ ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕಾಲದ್ದು, 1557ರದ್ದು ಅಂತ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಹೇಳುತ್ತದೆ. ಅಂದರೆ ವಿಜಯನಗರ ಸೋತ ರಕ್ಕಸಗಿ–ತಂಗಡಗಿಯ (ತಾಳಿಕೋಟೆ) ಯುದ್ಧಕ್ಕೆ ಇನ್ನೂ ಎಂಟು ವರ್ಷ ಬಾಕಿ. ಹಂಪಿಯ ಬಜಾರು ಇನ್ನೂ ನಡೆಯುತ್ತಿದ್ದ ಕಾಲ. "ನಿಮ್ಮದು ಬ್ರಿಟಿಷರು ತಂದ ಧರ್ಮ" ಅನ್ನುವವರಿಗೆ ನಾನು ಈ ಇಸವಿ ಒಂದನ್ನು ಹೇಳಿ ಚಹಾ ತರಿಸುತ್ತೇನೆ.

ಆದರೆ ಮುದಗಲ್ ಅಂದರೆ ಎಲ್ಲರಿಗೂ ನೆನಪಾಗುವುದು ಮೊಹರಂ. ಹುಸೇನಿ ಆಲಂ ದರ್ಗಾದ ಮುಂದೆ ಅಲಾಯಿ ದೇವರು (ಮೊಹರಂನ ಪಂಜಾಗಳು) ಹೊರಡುವಾಗ ಸುತ್ತಲಿನ ಜಿಲ್ಲೆಗಳ ಜನ ಬಂದು ಸೇರುತ್ತಾರೆ. ಹಿಂದೂಗಳೂ ಹರಕೆ ಹೊರುತ್ತಾರೆ, ಹೆಜ್ಜೆ ಹಾಕುತ್ತಾರೆ. ಅಜ್ಜಿಯ ಮನೆಯಲ್ಲಿ ಆ ದಿನಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಹೋಗಿ ಬಂದ ಅಜ್ಜಿ ಮಧ್ಯಾಹ್ನ ನೆಂಟರಿಗೆ ರೊಟ್ಟಿ ಬಡಿದು, ರಾತ್ರಿ ಮಾಳಿಗೆ ಮೇಲೆ ನಮ್ಮನ್ನೆಲ್ಲ ಹತ್ತಿಸಿ ಅಲಾಯಿ ತೋರಿಸುತ್ತಿದ್ದಳು. ಅದನ್ನು ಯಾರೂ ಸೌಹಾರ್ದ ಅಂತ ಕರೆಯುತ್ತಿರಲಿಲ್ಲ. ಊರ ಹಬ್ಬ, ನೋಡಬೇಕು, ಅಷ್ಟೇ.

ಸುಗ್ಗಿ ಹಬ್ಬದಲ್ಲಿ ಒಂದು ಮೊಟ್ಟೆ ಐದುನೂರು ರೂಪಾಯಿಗೆ ಹೋಯಿತಂತೆ, ನಿಜವಾ?

ಐದುನೂರಕ್ಕಲ್ಲ, ಸಾವಿರದ ಮುನ್ನೂರಕ್ಕೆ. ಹೇಳುತ್ತೇನೆ.

ಭತ್ತ ಒಳಗೆ ಬಂದ ಮೇಲೆ ಒಂದು ಭಾನುವಾರ ಸುಗ್ಗಿ ಹಬ್ಬ. ಮನೆಯಲ್ಲಿ ಬೆಳೆದದ್ದರ ಮೊದಲ ಪಾಲನ್ನು ಚರ್ಚಿಗೆ ತರುತ್ತಾರೆ. ಪೀಠದ ಮುಂದೆ ರಾಶಿ ಬೀಳುತ್ತದೆ. ಕ್ಯಾಂಪಿನವರ ಸೋನಾ ಮಸೂರಿ ಚೀಲ, ಜೋಳದ ತೆನೆ, ಹತ್ತಿ, ಸೋರೆಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಹೊಲ ಇಲ್ಲದವರು ಅಂಗಡಿಯಿಂದ ಒಂದು ಕಿಲೋ ಬೆಲ್ಲ ತಂದಿಡುತ್ತಾರೆ. ಪ್ರಸಂಗದ ನಡುವೆ ಕೋಳಿ ಕೂಗಿದರೆ ಅಯ್ಯನವರು "ಆಮೆನ್" ಅಂದು ಮುಂದುವರಿಸುತ್ತಾರೆ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ನಮ್ಮಲ್ಲಿ ಸವಾಲು ಕೂಗುವವರು ಒಬ್ಬ ರಿಟೈರ್ಡ್ ಕಂಡಕ್ಟರ್. ದನಿ ಇನ್ನೂ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವಂತಿದೆ. ಆ ವರ್ಷ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಒಂದೇ ಒಂದು ನಾಟಿ ಮೊಟ್ಟೆ ತೆಗೆದು ಕೊಟ್ಟಿದ್ದಳು. ಕಂಡಕ್ಟರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಐವತ್ತು ರೂಪಾಯಿ ಒಂದು ಸಲ!" ಅಂದರು. ಹಂಚಿನ ಅಂಗಡಿಯವರು ಇನ್ನೂರಕ್ಕೆ ಹಿಡಿದರು. ಹಣ ಎಣಿಸಿ ಕೊಟ್ಟು, ಮೊಟ್ಟೆಯನ್ನು ವಾಪಸ್ ಕಂಡಕ್ಟರ್ ಕೈಗೇ ಇಟ್ಟರು. "ಮತ್ತ ಕೂಗ್ರಿ." ಎರಡನೇ ಸಲ ನಾನೂರು. ಅವರೂ ವಾಪಸ್ ಕೊಟ್ಟರು. ಮೂರನೇ ಸಲ ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ಏಳುನೂರಕ್ಕೆ ಹಿಡಿದ. ಒಟ್ಟು ಸಾವಿರದ ಮುನ್ನೂರು. ಕೊನೆಗೆ ಮೊಟ್ಟೆ ಅಜ್ಜಿಯ ಮೊಮ್ಮಗನ ಕೈಗೆ ಬಂತು. ಅವನು ಅದನ್ನು ಬೀಳಿಸಿದ.

ಇನ್ನೊಂದು ಮಾತು. ಈ ಹರಾಜಿಗೆ ಊರಿನವರೂ ಬರುತ್ತಾರೆ. ಪಕ್ಕದ ಕಿರಾಣಿ ಅಂಗಡಿಯ ಸಾಹುಕಾರರು ಲಿಂಗಾಯತರು, ಪ್ರತಿ ವರ್ಷ ಕುಂಬಳಕಾಯಿ ಅವರದೇ. ಒಮ್ಮೆ ಮಾತಿನ ಭರದಲ್ಲಿ ಕೈ ಎತ್ತಿ ಕೋಳಿ ಅವರ ಪಾಲಿಗೆ ಬಿತ್ತು. "ಶಿವಶಿವಾ, ನನಗ್ಯಾಕ್ರೀ ಕೋಳಿ!" ಅಂದು, ದುಡ್ಡು ಕೊಟ್ಟು, ಕೋಳಿ ಮುಟ್ಟದೆ ಓಡಿದರು.

ಕ್ರಿಸ್‌ಮಸ್‌ಗೆ ಕೇಕ್ ಕಡ್ಡಾಯವಾ?

ನಮ್ಮ ಮನೆಗಳಲ್ಲಿ ಕರ್ಜಿಕಾಯಿ, ಚಕ್ಕುಲಿ, ಶಂಕರಪಾಳಿ. ಕೇಕು ಬೇಕರಿಯಿಂದ ಬರುತ್ತದೆ, ಮಕ್ಕಳು ಅದರ ಮೇಲಿನ ಕ್ರೀಮ್ ನೆಕ್ಕಿ ಬಿಡುತ್ತಾರೆ. ತಟ್ಟೆಯಲ್ಲಿ ತುಂಬಿ ಓಣಿಗೆ ಹಂಚುವುದು ಕರ್ಜಿಕಾಯಿಯನ್ನೇ. ದೀಪಾವಳಿಗೆ, ಈದ್‌ಗೆ ಬಂದ ತಟ್ಟೆಗಳು ವಾಪಸ್ ಹೋಗುವುದು ಆಗ.

ಮದುವೆಗೆ ಮುಹೂರ್ತ ನೋಡುತ್ತೀರಾ?

ಚರ್ಚಿನ ಲೆಕ್ಕದಲ್ಲಿ ಮುಹೂರ್ತ ಇಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ಮಾಡಿ ಅನ್ನುತ್ತದೆ, ಕೆಲವು ವಿನಾಯಿತಿ ಬಿಟ್ಟರೆ. ಅದಕ್ಕಿಂತ ಮುಖ್ಯ, ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದುತ್ತಾರೆ. ಯಾರಿಗಾದರೂ ತಕರಾರು ಇದ್ದರೆ ಹೇಳಿ ಅಂತ. ತಕರಾರು ಬಂದದ್ದನ್ನು ನಾನು ನೋಡಿಲ್ಲ. ಆದರೆ ಹೆಸರು ಓದಿದಾಗ ಇಡೀ ಸಭೆ ಹುಡುಗಿಯ ಕಡೆ ತಿರುಗುವುದನ್ನು ನೋಡಿದ್ದೇನೆ.

ಇನ್ನು ರಾಹುಕಾಲ. ನಮ್ಮ ಸೋದರತ್ತೆ ಕಟ್ಟಾ ಮೆಥೊಡಿಸ್ಟ್. ಸೋಮವಾರದ ಮದುವೆಯಾದರೆ ಏಳೂವರೆಯಿಂದ ಒಂಬತ್ತರೊಳಗೆ ಮನೆಯಿಂದ ಯಾರನ್ನೂ ಹೊರಡಿಸುವುದಿಲ್ಲ. ಕೇಳಿದರೆ "ಸೀರೆ ಉಡೋದು ಆಗಿಲ್ಲ" ಅನ್ನುತ್ತಾಳೆ.

ಊಟಕ್ಕೆ ಮಟನ್ ಬಿರಿಯಾನಿ ಇರುತ್ತದೆ. ತಿನ್ನದವರಿಗೆ ಬೇರೆ ಪೆಂಡಾಲು, ಬೇರೆ ಅಡಿಗೆಯವರು. ಆ ಪೆಂಡಾಲಿನ ಬದನೆಕಾಯಿ ಎಣ್ಣೆಗಾಯಿಗೆ ನಮ್ಮವರೂ ಕದ್ದು ಹೋಗುತ್ತಾರೆ.

ಚರ್ಚಿನಲ್ಲೂ ಜಾತಿ ಇದೆಯಾ?

ಇದೆ. ಬೆಂಚಿನಲ್ಲಿ ಕಾಣುವುದಿಲ್ಲ, ಮದುವೆ ಮಾತಿನಲ್ಲಿ ಕಾಣುತ್ತದೆ. "ಅವರೂ ನಮ್ಮ ಹಾಗೆ ಕ್ರೈಸ್ತರೇ, ಆದರ..." ಅನ್ನುವ ಆ "ಆದರ" ಇದೆಯಲ್ಲ, ಅದೇ.

ಕಾಗದದ ಕಷ್ಟ ಬೇರೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ಇಲ್ಲ. ನಮ್ಮ ಕಡೆಯ ಸಭೆಗಳಲ್ಲಿ ಅಂಥ ಮನೆಗಳೇ ಜಾಸ್ತಿ. ಹೀಗಾಗಿ ಎಷ್ಟೋ ಜನಕ್ಕೆ ಎರಡು ಹೆಸರು. ಶಾಲೆಯಲ್ಲಿ ಒಂದು, ಚರ್ಚಿನಲ್ಲಿ ಒಂದು. ನಾನು ಸಂಡೇ ಸ್ಕೂಲಿನಲ್ಲಿ ಒಂದು ಹೆಸರಿನಿಂದ ಕರೆಯುತ್ತಿದ್ದ ಗೆಳೆಯ, ಸೋಮವಾರ ಶಾಲೆಯ ಹಾಜರಿಯಲ್ಲಿ ಇನ್ನೊಂದು ಹೆಸರಿಗೆ "ಎಸ್ ಸಾರ್" ಅನ್ನುತ್ತಿದ್ದ. ನಾವಿಬ್ಬರೂ ಅದರ ಬಗ್ಗೆ ಯಾವತ್ತೂ ಮಾತಾಡಲಿಲ್ಲ. ಆತ ಈಗ ಸರ್ಕಾರಿ ನೌಕರ. ಭಾನುವಾರ ಬರುತ್ತಾನೆ, ಹಿಂದಿನ ಬೆಂಚು, ಫೋಟೋ ತೆಗೆಯುವಾಗ ಹೊರಗೆ.

ಹೋದರೆ ಮತಾಂತರ ಮಾಡುತ್ತಾರಂತೆ?

ನೀವು ಒಂದು ಭಾನುವಾರ ಬಂದು ಕೂತರೆ ಏನೂ ಆಗುವುದಿಲ್ಲ. ನಮ್ಮ ಅಪ್ಪ ಐವತ್ತು ವರ್ಷ ಕೂತರೂ ಡೀಸೆಲ್ ಲೆಕ್ಕದ ಸಿಟ್ಟು ಬಿಟ್ಟಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ಕೆಲವು ತಿಂಗಳು ಮನೆ ಪ್ರಾರ್ಥನೆಗೆ ಹೋಗುವವರು ಬೈಬಲನ್ನು ಸಂತೆ ಚೀಲದಲ್ಲಿ, ಸೊಪ್ಪಿನ ಕೆಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಅಷ್ಟು ಮಾತ್ರ ನಾನು ಕಣ್ಣಾರೆ ನೋಡಿದ್ದು.

ದುಡ್ಡು ಎಲ್ಲಿಂದ ಬರುತ್ತದೆ? ಹೊರದೇಶದಿಂದಾ?

ನಮ್ಮ ಚರ್ಚಿನ ಮಳೆ ಸೋರುವ ಮೂಲೆ ನೋಡಿದರೆ ಈ ಪ್ರಶ್ನೆ ಕೇಳುವುದಿಲ್ಲ. ಚಂದಾ, ಕಾಣಿಕೆ, ಹರಾಜು, ಹುಟ್ಟುಹಬ್ಬದ ಕಾಣಿಕೆ. ಚಂದಾ ಕಾರ್ಡು ಅಂತ ಇರುತ್ತದೆ, ತಿಂಗಳಿಗೆ ಇಷ್ಟು ಅಂತ. ಅದು ಯಾಕೆ ಮುಖ್ಯ ಅನ್ನುವುದಕ್ಕೆ ಮುಂದಿನ ಉತ್ತರ ಓದಿ.

ನಂಬಿಕೆ ಇಲ್ಲದವರೂ ಚರ್ಚು ಬಿಡುವುದಿಲ್ಲವಲ್ಲ, ಯಾಕೆ?

ಮಣ್ಣಿಗೆ.

ನಮ್ಮ ಕಡೆ ಸಾವಿಗೆ ಹೋಗುವುದಕ್ಕೆ "ಮಣ್ಣಿಗೆ ಹೋಗೋದು" ಅನ್ನುತ್ತೇವೆ. ಎಲ್ಲ ಜಾತಿಯವರೂ ಹಾಗೇ ಅನ್ನುತ್ತಾರೆ. ಕ್ರೈಸ್ತರಿಗೆ ಅದು ಅಕ್ಷರಶಃ ನಿಜ. ಸಮಾಧಿ ಮಾಡಲು ಜಾಗ ಬೇಕು. ಸಣ್ಣ ಊರುಗಳಲ್ಲಿ ಆ ಜಾಗ ಸಭೆಯ ಕೈಯಲ್ಲಿರುತ್ತದೆ, ಗೇಟಿನ ಬೀಗದ ಕೈ ಕಮಿಟಿಯವರ ಹತ್ತಿರ. ಸಭೆಯಲ್ಲಿ ಹೆಸರು ಇಲ್ಲದವರ ಮನೆಯಲ್ಲಿ ಸಾವಾದರೆ ಅಲ್ಲಿ ಇಲ್ಲಿ ಓಡಾಡಬೇಕಾಗುತ್ತದೆ. ಅದನ್ನು ಒಮ್ಮೆ ನೋಡಿದವರು ಚಂದಾ ತಪ್ಪಿಸುವುದಿಲ್ಲ.

ನಮ್ಮ ಚಿಕ್ಕಪ್ಪ ಇದ್ದರು. ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ. ದೇವರು ಗೀವರು ಏನೂ ಇಲ್ಲ ಅನ್ನುತ್ತಿದ್ದರು, ಚರ್ಚಿಗೆ ಕಾಲಿಟ್ಟು ಒಂಬತ್ತು ವರ್ಷ ಆಗಿತ್ತು. ಆದರೆ ಪ್ರತಿ ತಿಂಗಳು ಐವತ್ತು ರೂಪಾಯಿ ಸಿಂಧನೂರಿನ ಖಜಾಂಚಿಗೆ ಹೋಗುತ್ತಿತ್ತು. ಮೊದಲು ಯಾರ ಕೈಯಲ್ಲಾದರೂ, ಆಮೇಲೆ ಫೋನ್‌ಪೇ. ಡ್ಯೂಟಿಯಲ್ಲೇ ಹೃದಯ ನಿಂತು ಹೋದರು. ಆಂಬುಲೆನ್ಸಿನಲ್ಲಿ ರಾತ್ರಿಯಿಡೀ ಕರೆದುಕೊಂಡು ಬಂದೆವು. ಬೆಳಿಗ್ಗೆ ಐದೂವರೆಗೆ ಊರು ಮುಟ್ಟಿದಾಗ ಚರ್ಚಿನ ಗಂಟೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಯೌವನಸ್ಥರ ಸಭೆಯ ಹುಡುಗರು ಟಾರ್ಚ್ ಹಿಡಿದು ಕುಣಿ ತೋಡಿ ಮುಗಿಸಿದ್ದರು. ಎರೆಮಣ್ಣು ಮಳೆಗೆ ನೆನೆದು ಸಲಿಕೆಗೆ ಅಂಟುತ್ತಿತ್ತು. ಅವರಲ್ಲಿ ಅರ್ಧ ಜನ ಚಿಕ್ಕಪ್ಪನ ಮುಖ ನೋಡಿದವರೇ ಅಲ್ಲ.

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಳ್ಳುತ್ತಾ ನಿಂತಾಗ ಖಜಾಂಚಿ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು: "ಕಾರ್ಡು ಕ್ಲಿಯರ್ ಇತ್ತು ನೋಡ್ರಿ ಅವರದು. ಹೋದ ತಿಂಗಳದ್ದೂ ಬಂದಿತ್ತು." ಆ ಹೊತ್ತಿಗೆ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಆತ ಹೊಗಳಿದ್ದು ಅದು. ಖಜಾಂಚಿಗೆ ಬರುವ ದೊಡ್ಡ ಹೊಗಳಿಕೆ ಅದೇ.

ಈಗಿನ ಹುಡುಗರು ಬರುತ್ತಾರಾ?

ಊರಲ್ಲಿದ್ದರೆ ಬರುತ್ತಾರೆ. ಊರಲ್ಲಿರುವುದೇ ಕಷ್ಟ. ಮಳೆ ಕೈಕೊಟ್ಟ ವರ್ಷ ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಗುಳೆ ಹೊರಟರೆ ಕೆಲವು ಸಭೆಗಳಲ್ಲಿ ಹಾಡು ಎತ್ತಲು ಮುದುಕರಷ್ಟೇ ಉಳಿಯುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹುಡುಗರು ಆರ್ಡರ್ ಇದ್ದರೆ ಭಾನುವಾರವೂ ಮಷಿನ್ ಮೇಲೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರಿಗೆ ಶಿಫ್ಟು. ಹಾಗಾಗಿ ಕ್ರಿಸ್‌ಮಸ್, ಈಸ್ಟರ್ ದಿನ ನೋಡಿ ಚರ್ಚು ತುಂಬಿದೆ ಅಂದುಕೊಳ್ಳಬೇಡಿ.

ಕೊರೊನಾ ಆದಮೇಲೆ ಲೈವ್ ಬರುತ್ತಲ್ಲ, ಫೋನಿನಲ್ಲಿ ನೋಡಿದರೆ ಸಾಲದಾ?

ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಕೂತು ತನ್ನ ಊರಿನ ಹಾಡು ಕೇಳುವ ಹೆಂಗಸಿಗೆ ಸಾಕು, ಅದೇ ದೊಡ್ಡದು. ಊರಲ್ಲೇ ಇದ್ದು ಮಂಚದ ಮೇಲೆ ಮಲಗಿ ನೋಡುವವರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಫೋನು ನಿಮಗೆ ಚರ್ಚನ್ನು ತೋರಿಸುತ್ತದೆ. ನೀವು ಚರ್ಚಿಗೆ ಕಾಣುವುದಿಲ್ಲ.

ಒಮ್ಮೆ ಬರಬೇಕು ಅಂತಿದ್ದೇನೆ. ಯಾವಾಗ ಬರಲಿ, ಎಲ್ಲಿ ಕೂರಲಿ?

ಮಾರ್ಚಿನಿಂದ ಮೇವರೆಗೆ ಬೇಡ. ನಲವತ್ತು ಡಿಗ್ರಿಯಲ್ಲಿ ತಗಡಿನ ಕೆಳಗೆ ಭಕ್ತಿ ನಿಲ್ಲುವುದಿಲ್ಲ, ಆಗ ಆರಾಧನೆಯೇ ಏಳೂವರೆಗೆ ಶುರು. ಸುಗ್ಗಿ ಹಬ್ಬಕ್ಕೆ ಬಂದರೆ ಚೆನ್ನ, ಜೇಬಿನಲ್ಲಿ ಚಿಲ್ಲರೆ ಇರಲಿ, ಸುಮ್ನೆ ಕೈ ಎತ್ತಬೇಡಿ. ಚರ್ಚಿನ ಮೊದಲ ಗಂಟೆ ಹೊಡೆದಾಗ ಹೊರಟರೆ ಎರಡನೇ ಗಂಟೆ ಹೊಡೆಯುವಾಗ ಒಳಗಿರುತ್ತೀರಿ. ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ಬನ್ನಿ, ಪ್ರಸಂಗ ಉದ್ದ ಇರುತ್ತದೆ. ಎಲ್ಲಿ ಬೇಕಾದರೂ ಕೂರಿ. ಮೂರನೇ ಬೆಂಚಿನ ಕಿಟಕಿ ಪಕ್ಕದ ಜಾಗ ಮಾತ್ರ ಬಿಡಿ. ಖಾಲಿ ಕಂಡರೂ ಅದು ಖಾಲಿ ಅಲ್ಲ. ಅಪ್ಪನಿಗೆ ಮೊಣಕಾಲು ನೋವು, ಎರಡನೇ ಹಾಡಿನ ಹೊತ್ತಿಗೆ ಬರುತ್ತಾರೆ.